ಜಪಾನಿ ಫ್ರೀ ಜಾಝ್‌ನ ಹಳೆಯ ಲೈವ್ ಟೇಪ್: ಗುರುತು ಹಿಡಿಯುವುದು, ವೇಗ ಸರಿಪಡಿಸುವುದು, ಡಿಜಿಟಲ್‌ಗೆ ಇಳಿಸುವುದು

ನಿಗದಿತ ರಾಗ, ತಾಳದ ಚೌಕಟ್ಟು ಬಿಟ್ಟು ಆ ಕ್ಷಣದಲ್ಲೇ ಕಟ್ಟಿ ನುಡಿಸುವ ಜಾಝ್ ಎಂದರೆ ಫ್ರೀ ಜಾಝ್. ಜಪಾನಿನ ಫ್ರೀ ಜಾಝ್‌ನಲ್ಲಿ ಇವತ್ತು ಕೇಳಲು ಸಿಗುವುದರ ದೊಡ್ಡ ಪಾಲು ಯಾರೋ ಕ್ಲಬ್ಬಿನ ಮೂಲೆಯಲ್ಲೋ ಸಭಾಂಗಣದ ಮುಂದಿನ ಸಾಲಿನಲ್ಲೋ ರೆಕಾರ್ಡರ್ ಇಟ್ಟು ಹಿಡಿದ ಟೇಪುಗಳಿಂದ ಬಂದದ್ದು. ಆಲ್ಟೊ ಸ್ಯಾಕ್ಸೊಫೋನ್ ವಾದಕ ಅಬೆ ಕಾಓರು 1978ರ ಸೆಪ್ಟೆಂಬರ್ 9ರಂದು 29ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ಅವರ ಹೆಸರಿನಲ್ಲಿದ್ದ ಎಲ್‌ಪಿಗಳು ಬೆರಳೆಣಿಕೆಯಷ್ಟು. ಟೋಕಿಯೊದ ಹತ್ಸುದೈನಲ್ಲಿದ್ದ 'ಗಾಯಾ' ಎಂಬ ಪುಟ್ಟ ಕ್ಲಬ್ಬಿನಲ್ಲಿ ಅವರು ಒಬ್ಬರೇ ನುಡಿಸಿದ ಟೇಪುಗಳು ಆಮೇಲೆ ಡಿಐಡಬ್ಲ್ಯೂ ಲೇಬಲ್‌ನಲ್ಲಿ ಹತ್ತು ಸಂಪುಟಗಳಾದವು. ಗಿಟಾರ್ ವಾದಕ ತಕಾಯಾನಗಿ ಮಸಾಯುಕಿ ಜೊತೆ ಅಬೆ 1970ರ ಜುಲೈ 9ರಂದು ಶಿಬುಯಾದ 'ಸ್ಟೇಷನ್ 70'ಯಲ್ಲಿ ನುಡಿಸಿದ್ದು ಸಿಡಿಯಾಗಿ ಬಂದಿದ್ದು 2001ರಲ್ಲಿ. ಇಂಥ ಟೇಪು ಇನ್ನೂ ಪೆಟ್ಟಿಗೆಗಳಲ್ಲಿ, ಕಪಾಟುಗಳಲ್ಲಿ ಇರಬಹುದು. ಒಂದು ನಿಮ್ಮ ಕೈಗೆ ಬಂದರೆ ಅಥವಾ ಯಾರಾದರೂ ಕೊಟ್ಟು ಇಳಿಸಿಕೊಡಿ ಎಂದರೆ ಏನು ಮಾಡಬೇಕು, ಎಲ್ಲಿ ಎಡವುವ ಸಂಭವ ಇದೆ ಎಂಬುದೇ ಇಲ್ಲಿನ ವಿಷಯ.

ಎಲ್ಲಕ್ಕೂ ಮೊದಲು ಒಂದು ಮಾತು. ಟೇಪಿನಲ್ಲಿ ಕೇಳುವ ಹಮ್ (ವಿದ್ಯುತ್ ಉಪಕರಣಗಳ ಒಂದೇ ಸಮನೆಯ ತಗ್ಗು ಸದ್ದು), ಕೊಠಡಿಯ ಗುಯ್‌ಗುಟ್ಟುವಿಕೆ, ಲೋಟದ ಸದ್ದು ಇವೆಲ್ಲ ಕಸ ಎಂದುಕೊಂಡು ಮೊದಲೇ ಒರೆಸಿಬಿಡಬೇಡಿ. ಟೇಪು ಯಾವ ಊರಿನದು, ಯಾವ ವೇಗದ್ದು, ಎಷ್ಟನೇ ಪ್ರತಿ ಎಂದು ಹೇಳುವ ಸಾಕ್ಷಿ ಅದರಲ್ಲೇ ಇರುತ್ತದೆ. ಓದಿದ ಮೇಲೆ ತೆಗೆಯುವುದೋ ಬಿಡುವುದೋ ಯೋಚಿಸಿ.

ಲೇಬಲ್ ಓದುವುದು

ಕ್ಯಾಸೆಟ್ ಆದರೆ ಮೊದಲು ಹಿಂಬದಿಯ ಎರಡೂ ಪ್ಲಾಸ್ಟಿಕ್ ಎಸಳು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಆಮೇಲೆ ಅಳಿಯುವುದಿಲ್ಲ. ನಂತರ ಪೆಟ್ಟಿಗೆ, ಒಳಗಿನ ಕಾಗದ, ಕ್ಯಾಸೆಟ್ಟಿನ ಎರಡೂ ಮುಖ ಎಲ್ಲದರ ಫೋಟೊ ತೆಗೆಯಿರಿ. ಪೆನ್ಸಿಲ್ಲಿನಲ್ಲಿ ಬರೆದದ್ದು ಕಾಣದಿದ್ದರೆ ದೀಪವನ್ನು ಓರೆಯಾಗಿ ಹಿಡಿಯಿರಿ.

ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರುತ್ತದೆ. ವರ್ಷ ಹಲವು ಸಲ ಶೋವಾ ಲೆಕ್ಕದ್ದು, ಅಂದರೆ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಜಪಾನಿ ಲೆಕ್ಕ. ಶೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. '45.7.9' ಎಂದಿದ್ದರೆ 1970ರ ಜುಲೈ 9, '46.8.14' ಎಂದಿದ್ದರೆ 1971ರ ಆಗಸ್ಟ್ 14. ಶೋವಾ 64ಕ್ಕೆ ಮುಗಿಯಿತು, ಹಾಗಾಗಿ '75.9.5' ಎಂದಿದ್ದರೆ ಅದು 1975. ಅದರ ನಂತರದ ಹೇಸೇ ಲೆಕ್ಕಕ್ಕೆ 1988 ಕೂಡಿಸಿ: '4.10.3' ಅಂದರೆ 1992ರ ಅಕ್ಟೋಬರ್ 3. ವಾರದ ಹೆಸರೂ ಒಂದೇ ಅಕ್ಷರದಲ್ಲಿ ಪಕ್ಕದಲ್ಲಿರುವುದುಂಟು. ಅದನ್ನು ಹಳೆಯ ಕ್ಯಾಲೆಂಡರಿಗೆ ಹೋಲಿಸಿ. 1970ರ ಜುಲೈ 9 ಗುರುವಾರ. ಲೇಬಲ್ಲಿನಲ್ಲಿ ಭಾನುವಾರ ಎಂದಿದ್ದರೆ ವರ್ಷವನ್ನೋ ದಿನವನ್ನೋ ಯಾರೋ ಆಮೇಲೆ ನೆನಪಿನಿಂದ ಬರೆದಿದ್ದಾರೆ ಎಂದು ತಿಳಿಯಿರಿ. ಮಧ್ಯರಾತ್ರಿ ದಾಟಿದ ಕಾರ್ಯಕ್ರಮದ ಹೊತ್ತನ್ನು ಜಪಾನಿನಲ್ಲಿ 25 ಗಂಟೆ, 26 ಗಂಟೆ ಎಂದೂ ಬರೆಯುತ್ತಾರೆ. ಅಲ್ಲಿ ದಿನಾಂಕ ಹಿಂದಿನ ದಿನದ್ದೇ ಆಗಿರುತ್ತದೆ.

ಹೆಸರುಗಳಲ್ಲಿ ಮನೆತನದ್ದು ಮೊದಲು. ಈ ಬರಹದಲ್ಲೂ ಹಾಗೇ ಇಟ್ಟಿದೆ. ಫೋನಿನ ಕ್ಯಾಮೆರಾ ಅನುವಾದಕ್ಕೆ ವ್ಯಕ್ತಿನಾಮಗಳನ್ನು ನಂಬಿ ಬಿಡಬೇಡಿ. ಒಂದೇ ಲಿಪಿಚಿಹ್ನೆಗೆ ಹಲವು ಓದುಗಳಿರುವುದರಿಂದ ಯಾವುದೋ ಹೊಸ ಸಂಗೀತಗಾರ ಹುಟ್ಟಿಕೊಳ್ಳುತ್ತಾನೆ. ಈಗಾಗಲೇ ಪ್ರಕಟವಾದ ಎಲ್‌ಪಿ, ಸಿಡಿಗಳ ಹೊದಿಕೆಯ ಮೇಲಿನ ಚಿಹ್ನೆಗಳೊಂದಿಗೆ ಒಂದೊಂದನ್ನೇ ಹೋಲಿಸುವುದೇ ಭದ್ರ.

ಜಾಗದ ಹೆಸರೂ ಬಹಳ ಹೇಳುತ್ತದೆ. ಟೋಕಿಯೊದ ಶಿಂಜುಕುವಿನ ಪಿಟ್ ಇನ್ ಕ್ಲಬ್ಬು ಶುರುವಾದದ್ದು 1965ರಲ್ಲಿ. ಅದರ ಮಹಡಿಯಲ್ಲಿ ವಾದ್ಯ ಇಡುತ್ತಿದ್ದ ಕೋಣೆಯೇ 'ನ್ಯೂ ಜಾಝ್ ಹಾಲ್' ಆಗಿ 1969ರಿಂದ 1971ರವರೆಗೆ ಫ್ರೀ ಜಾಝ್‌ನವರ ಅಡ್ಡೆಯಾಗಿತ್ತು. 1976ರ ಟೇಪಿನ ಮೇಲೆ ನ್ಯೂ ಜಾಝ್ ಹಾಲ್ ಎಂದಿದ್ದರೆ ಎರಡರಲ್ಲಿ ಒಂದು ತಪ್ಪು. ನಿಶಿ ಓಗಿಕುಬೊದ 'ಅಕೇತಾ ನೊ ಮಿಸೆ' 1974ರಲ್ಲಿ ತೆರೆದದ್ದು, ಅದಕ್ಕೆ ಹಿಂದಿನ ಟೇಪು ಅಲ್ಲಿನದಾಗಿರಲಾರದು. ಯೊಯೊಗಿಯ 'ಆಫ್ ಸೈಟ್' ಇದ್ದದ್ದು 2000ದಿಂದ 2005ರವರೆಗೆ ಮಾತ್ರ.

ದಿನಾಂಕ, ಜಾಗ ಸಿಕ್ಕ ಕೂಡಲೇ ಅದು ಆಗಲೇ ಪ್ರಕಟವಾಗಿದೆಯೇ ನೋಡಿ. ತಕಾಯಾನಗಿಯ ತಂಡ 1971ರ ಆಗಸ್ಟ್ 14ರಂದು ಸಾನ್ರಿಜುಕಾದ ಗೆನ್ಯಾ ಉತ್ಸವದಲ್ಲಿ ನುಡಿಸಿದ್ದು, 1975ರ ಸೆಪ್ಟೆಂಬರ್ 5ರಂದು ಯಾಸುದಾ ಸೇಮೇ ಹಾಲ್‌ನಲ್ಲಿ ನುಡಿಸಿದ್ದು, ಪಿಯಾನೊ ವಾದಕ ಯಾಮಾಶಿತಾ ಯೋಸುಕೆಯ ಟ್ರಿಯೊ 1974ರ ಜೂನ್ 2ರಂದು ಜರ್ಮನಿಯ ಮೋರ್ಸ್‌ನಲ್ಲಿ ನುಡಿಸಿದ್ದು, 1973ರಲ್ಲಿ ಶಿಂಜುಕುವಿನ ಆರ್ಟ್ ಥಿಯೇಟರಿನಲ್ಲಿ ಹದಿನಾಲ್ಕು ದಿನ ನಡೆದ ಫ್ರೀ ಜಾಝ್ ಉತ್ಸವದ ಆಯ್ದ ಭಾಗ ಇವೆಲ್ಲ ಡಿಸ್ಕಾಗಿ ಸಿಗುತ್ತವೆ. ಮೊದಲ ಎರಡು ನಿಮಿಷ ಅಕ್ಕಪಕ್ಕ ಇಟ್ಟು ಕೇಳಿದರೆ ಗೊತ್ತಾಗುತ್ತದೆ. ಆದರೆ ಡಿಸ್ಕಿನ ಅಳತೆಗೆ ಕತ್ತರಿಸಿದ್ದ ಭಾಗ ನಿಮ್ಮ ಟೇಪಿನಲ್ಲಿ ಇಡಿಯಾಗಿ ಇರಬಹುದು. ಹಾಗಾಗಿ ಪ್ರಕಟವಾಗಿದೆ ಎಂದು ಪಕ್ಕಕ್ಕೆ ಎಸೆಯುವ ಮುನ್ನ ಒಟ್ಟು ಅವಧಿಯನ್ನೂ ಹೋಲಿಸಿ.

ಕಿವಿಯಿಂದ ಕಾಲ ಹೇಳುವುದು

ಲೇಬಲ್ ಇಲ್ಲದ ಟೇಪಿಗೆ ವಾದ್ಯಗಳೇ ದಿಕ್ಕು. ಯಾಮಾಶಿತಾ ಟ್ರಿಯೊದಲ್ಲಿ ಮೊದಲು ಸ್ಯಾಕ್ಸ್ ನುಡಿಸುತ್ತಿದ್ದವರು ನಾಕಾಮುರಾ ಸೇಇಚಿ, ಹೆಚ್ಚಾಗಿ ಟೆನರ್, ಅಂದರೆ ಆಲ್ಟೊಗಿಂತ ತಗ್ಗಿನ ಸ್ಯಾಕ್ಸ್. 1972ರಲ್ಲಿ ಸಾಕಾತಾ ಅಕಿರಾ ಬಂದ ಮೇಲೆ ಆಲ್ಟೊ. ಡ್ರಮ್ಸ್‌ನಲ್ಲಿ ಮೊರಿಯಾಮಾ ತಾಕೆಓ 1975ರವರೆಗೆ, ನಂತರ ಕೊಯಾಮಾ ಶೋತಾ. ಪಿಯಾನೊದ ಎದುರು ಆಲ್ಟೊ ಕೂಗಾಡುತ್ತಿದ್ದರೆ 1972ಕ್ಕೆ ಹಿಂದೆ ಹೋಗಬೇಡಿ.

ಡ್ರಮ್ಸ್ ವಾದಕ ತೊಗಾಶಿ ಮಸಾಹಿಕೊ ವಿಷಯದಲ್ಲಿ ಇನ್ನೂ ಸ್ಪಷ್ಟ ಗುರುತಿದೆ. 1970ರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಕಾಲುಗಳ ಸ್ವಾಧೀನ ಹೋಯಿತು. ಆಮೇಲೆ ಕೈಗಳಿಗೆ ಮಾತ್ರ ಒಗ್ಗುವಂತೆ ವಾದ್ಯಗಳನ್ನು ಜೋಡಿಸಿಕೊಂಡು ನುಡಿಸಿದರು. ಕಾಲಿನಿಂದ ಹೈಹ್ಯಾಟ್ ಮುಚ್ಚುವ 'ಚಿಕ್' ಸದ್ದು ಟೇಪಿನುದ್ದಕ್ಕೂ ಕೇಳುತ್ತಿದ್ದರೆ ಅದು 1970ರ ನಂತರದ ತೊಗಾಶಿ ಅಲ್ಲ.

ತಕಾಯಾನಗಿ ತಮ್ಮ ಸಂಗೀತವನ್ನು 'ಗ್ರ್ಯಾಜುಯಲಿ ಪ್ರೊಜೆಕ್ಷನ್', 'ಮಾಸ್ ಪ್ರೊಜೆಕ್ಷನ್' ಎಂದು ಎರಡು ಬಗೆಯಾಗಿ ಕರೆಯುತ್ತಿದ್ದರು. ಮೊದಲನೆಯದರಲ್ಲಿ ಸ್ವರಗಳ ನಡುವೆ ಜಾಗ ಇರುತ್ತದೆ, ಎರಡನೆಯದು ಶುರುವಾದ ಕ್ಷಣದಿಂದ ತುಂಬಿಕೊಂಡೇ ಇರುತ್ತದೆ. ಹೆಸರಿಲ್ಲದ ಟೇಪಿನ ಟಿಪ್ಪಣಿಯಲ್ಲಿ ಹೊಸ ಶೀರ್ಷಿಕೆ ಕಟ್ಟುವ ಬದಲು ಯಾವ ಬಗೆಯದು ಎಂದಷ್ಟೇ ಬರೆಯಿರಿ.

ಟೇಪನ್ನು ಓಡಿಸುವ ಮುನ್ನ

ಕ್ಯಾಸೆಟ್ಟಿನ ಬಾಯಿಯಲ್ಲಿ ಟೇಪಿನ ಹಿಂದೆ ಪುಟ್ಟ ಉಣ್ಣೆಯ ಒತ್ತುಪ್ಯಾಡ್ ಇದೆಯೇ ನೋಡಿ. ಹಳೆಯ ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಟೇಪು ಸದ್ದು ಓದುವ ಹೆಡ್‌ಗೆ ತಾಗುವುದಿಲ್ಲ; ಸದ್ದು ಮಂಕಾಗಿ ಬಂದುಹೋಗಿ ಮಾಡುತ್ತದೆ, ಟೇಪೇ ಹಾಳಾಗಿದೆ ಎಂದು ತಪ್ಪು ತಿಳಿಯುವಂತಾಗುತ್ತದೆ. ತಿರುಪು ಹಾಕಿದ ಒಳ್ಳೆಯ ಖಾಲಿ ಕ್ಯಾಸೆಟ್ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸಿ. ಅಂಟು ಹಾಕಿ ಮುಚ್ಚಿದ ಹಳೆಯ ಕವಚವಾದರೆ ಅಂಚಿನ ಸೀಳಿಗೆ ತೆಳು ಬ್ಲೇಡು ಕೊಟ್ಟು ಬಿಡಿಸಬೇಕು. ಬ್ಲೇಡು ಒಳಕ್ಕೆ ಇಳಿದರೆ ಟೇಪಿನ ಅಂಚು ಕತ್ತರಿಸುತ್ತದೆ.

120 ನಿಮಿಷದ ಕ್ಯಾಸೆಟ್ಟುಗಳ ಟೇಪು ಬಹಳ ತೆಳು, ಸುಮಾರು 9 ಮೈಕ್ರಾನ್. 60 ನಿಮಿಷದ್ದು 18. ಬಿಡುವಿಲ್ಲದೆ ಗಂಟೆಗಟ್ಟಲೆ ನುಡಿಸುವವರ ಕಾರ್ಯಕ್ರಮಕ್ಕೆ 120 ತಂದವರು ಕಡಿಮೆಯೇನಲ್ಲ. ಅಂಥದ್ದನ್ನು ಫಾಸ್ಟ್ ಫಾರ್ವರ್ಡ್ ಮಾಡಬೇಡಿ, ಎಳೆದುಕೊಳ್ಳುತ್ತದೆ. ಉಳಿದ ಕ್ಯಾಸೆಟ್ಟುಗಳನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿಕೊಂಡರೆ ಸುತ್ತು ಸಮವಾಗಿ ವೇಗದ ಅಲುಗಾಟ ಕಡಿಮೆಯಾಗುತ್ತದೆ.

ರೀಲ್ ಟೇಪಿಗೆ ಎರಡು ಪರೀಕ್ಷೆ. ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾದರೆ ಅದು ಅಸಿಟೇಟ್, ಹಾದು ಬರದಿದ್ದರೆ ಪಾಲಿಯೆಸ್ಟರ್. ಅಸಿಟೇಟ್ ಪುಟಪುಟನೆ ತುಂಡಾಗುತ್ತದೆ. ಆದರೆ ನೇರವಾಗಿ ತುಂಡಾಗುವುದರಿಂದ ಸ್ಪ್ಲೈಸಿಂಗ್ ಟೇಪ್ ಹಾಕಿ ಜೋಡಿಸಬಹುದು. ಹಿಂಬದಿಗೆ ಕಪ್ಪು ಲೇಪವಿರುವ ಎಪ್ಪತ್ತರ ದಶಕದ ಪಾಲಿಯೆಸ್ಟರ್ ಟೇಪು, ಮುಖ್ಯವಾಗಿ ಆಂಪೆಕ್ಸ್ 456 ಥರದ್ದು, ತೇವ ಹೀರಿ ಅಂಟಂಟಾಗುತ್ತದೆ. ಹೆಡ್ ಮೇಲೆ ಕಿರ್ರೆಂದರೆ, ಕಂದು ಮೇಣದಂಥ ಪದರ ಕಟ್ಟಿದರೆ ತಕ್ಷಣ ನಿಲ್ಲಿಸಿ. ಅದನ್ನು ಸುಮಾರು 50ರಿಂದ 54 ಡಿಗ್ರಿ ಸೆಲ್ಸಿಯಸ್ ಒಣ ಬಿಸಿಯಲ್ಲಿ ಎಂಟು ಗಂಟೆ ಇಟ್ಟು, ಅಷ್ಟೇ ಹೊತ್ತು ತಣಿಯಲು ಬಿಟ್ಟು ಓಡಿಸುತ್ತಾರೆ. ಅಡುಗೆಯ ಓವನ್ನಿನಲ್ಲಿ ಉಷ್ಣತೆ ಏರಿಳಿಯುವುದರಿಂದ ಅದು ಬೇಡ. ಅಸಿಟೇಟನ್ನೂ ಕ್ಯಾಸೆಟ್ಟನ್ನೂ ಎಂದಿಗೂ ಬಿಸಿಗೆ ಇಡಬೇಡಿ.

ಡೆಕ್ ಸಿದ್ಧಪಡಿಸುವುದು

ಹೆಡ್, ಟೇಪು ಎಳೆಯುವ ಕ್ಯಾಪ್‌ಸ್ಟನ್ ಎರಡನ್ನೂ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ರಬ್ಬರಿನ ಪಿಂಚ್ ರೋಲರಿಗೆ ಸೋಪಿನ ನೀರು ಸಾಕು. ಪ್ರತಿ ಟೇಪಿನ ಮಧ್ಯೆ ಮತ್ತೊಮ್ಮೆ ಒರೆಸಿ.

ಅಜಿಮತ್ ಸರಿಮಾಡದೆ ಮುಂದೆ ಹೋಗಬೇಡಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ನಿಮ್ಮ ಹೆಡ್ಡೂ ಅದೇ ಕೋನಕ್ಕೆ ಬರಬೇಕು; ಇಲ್ಲದಿದ್ದರೆ ಸಿಂಬಲ್, ಸ್ಯಾಕ್ಸಿನ ಮೇಲಿನ ಹರಿತ, ಉಸಿರು ಎಲ್ಲ ಮಾಯವಾಗುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಮರಳಿ ತರಲಾರದು. ಹೆಡ್ ಪಕ್ಕದ ಸ್ಪ್ರಿಂಗ್ ಇರುವ ತಿರುಪೇ ಅಜಿಮತ್ ತಿರುಪು. ಅದು ಈಗ ಎಲ್ಲಿದೆ ಎಂದು ಬಣ್ಣದ ಚುಕ್ಕೆ ಇಡಿ. ಹೆಡ್‌ಫೋನಿನಲ್ಲಿ ಎರಡೂ ಚಾನೆಲ್ ಸೇರಿಸಿ ಮೋನೊ ಮಾಡಿ, ಕಾಲು ಸುತ್ತಿಗಿಂತ ಹೆಚ್ಚಾಗದಂತೆ ತಿರುಗಿಸುತ್ತ ಟೇಪಿನ ಹಿಸ್ (ಹಿನ್ನೆಲೆಯ 'ಸ್ಸ್' ಸದ್ದು) ಅತ್ಯಂತ ಹರಿತವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಸಂಗೀತವನ್ನು ನೋಡಿ ಹೊಂದಿಸಬೇಡಿ. ಈ ಸಂಗೀತದ ಹರಿತ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಹಿಸ್ ಮಾತ್ರ ಒಂದೇ ಸಮನಿರುತ್ತದೆ. ಟೇಪು ಮೋನೊ ಆಗಿದ್ದರೆ ಇನ್ನೂ ನಿಖರವಾದ ದಾರಿ ಇದೆ: ಒಂದು ಚಾನೆಲ್ಲನ್ನು ಉಲ್ಟಾ ಮಾಡಿ ಕೂಡಿಸಿ, ಸದ್ದು ಅತ್ಯಂತ ಕಡಿಮೆಯಾಗುವ ಬಿಂದುವೇ ಸರಿಯಾದ ಕೋನ. ಬಿ ಮುಖಕ್ಕೆ ತಿರುಗಿಸಿದಾಗ ಮತ್ತೆ ಮಾಡಿ. ಕವಚ ಬದಲಾಯಿಸಿದ್ದರೆ ಮತ್ತೆ ಮಾಡಿ.

ಇನ್ನು ಡಾಲ್ಬಿ, ಅಂದರೆ ರೆಕಾರ್ಡ್ ಮಾಡುವಾಗ ಮೇಲಿನ ಮೆಲ್ಲನೆಯ ಸದ್ದನ್ನು ಎತ್ತಿ, ಕೇಳುವಾಗ ಮತ್ತೆ ಇಳಿಸಿ ಹಿಸ್ ಕಡಿಮೆ ಮಾಡುವ ಏರ್ಪಾಡು. ಎಪ್ಪತ್ತರ ದಶಕದ ಮಧ್ಯದಲ್ಲಿ ಜಪಾನಿನಲ್ಲಿ ಹೊರಗೆ ಹೋಗಿ ಸದ್ದು ಹಿಡಿಯುವ 'ನಾಮಾರೊಕು' ಹವ್ಯಾಸ ಜೋರಾಗಿತ್ತು. ಸೋನಿ 1973ರಲ್ಲಿ ತಂದ ಕ್ಯಾಸೆಟ್ 'ದೆನ್‌ಸುಕೆ' ರೆಕಾರ್ಡರಿನಲ್ಲೇ ಡಾಲ್ಬಿ ಬಿ ಇತ್ತು. ಹಾಗಾಗಿ ಹೆಗಲಿಗೆ ಹಾಕುವ ರೆಕಾರ್ಡರಿನ ಟೇಪು ಎಂದ ಮಾತ್ರಕ್ಕೆ ಡಾಲ್ಬಿ ಇಲ್ಲ ಎಂದು ತೀರ್ಮಾನಿಸಬೇಡಿ. ಮೆಲ್ಲನೆಯ ಭಾಗದಲ್ಲಿ ಗುಂಡಿ ಒತ್ತಿ, ಬಿಟ್ಟು ಕೇಳಿ. ಡಾಲ್ಬಿ ಇಲ್ಲದ ಟೇಪಿಗೆ ಡಾಲ್ಬಿ ಒತ್ತಿದರೆ ಸಿಂಬಲ್ಲಿನ ಬಾಲ ಅರ್ಧಕ್ಕೇ ಕಡಿದುಹೋಗುತ್ತದೆ. ಖಚಿತವಾಗದಿದ್ದರೆ ಒತ್ತದೆ ಇಳಿಸಿಕೊಳ್ಳಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಬಿಡಿಸಿಕೊಳ್ಳಬಹುದು. ಅಜಿಮತ್ ತಪ್ಪಿರುವಾಗ ಡಾಲ್ಬಿ ಬಿಡಿಸಿದರೆ ಕಳೆದುಹೋದ ಮೇಲಿನ ಸದ್ದು ಮತ್ತಷ್ಟು ಕಳೆಯುತ್ತದೆ, ಅದಕ್ಕೇ ಅಜಿಮತ್ ಮೊದಲು.

ಇಳಿಸಿಕೊಳ್ಳುವುದು

24 ಬಿಟ್, 96 ಕಿಲೋಹರ್ಟ್ಜ್, ವೇವ್ ಫೈಲ್. ಗಂಟೆಗೆ ಸುಮಾರು 2.07 ಗಿಗಾಬೈಟ್ ಆಗುತ್ತದೆ. ಹಳೆಯ ವೇವ್ ವಿಧಾನದ ಮಿತಿ 4 ಗಿಗಾಬೈಟ್. ಎರಡು ಗಂಟೆ ದಾಟಿದರೆ ಕೆಲವು ಸಾಫ್ಟ್‌ವೇರುಗಳು ಸದ್ದಿಲ್ಲದೆ ಕೈಕೊಡುತ್ತವೆ. ಒಂದು ಮುಖಕ್ಕೆ ಒಂದು ಫೈಲ್ ಎಂದುಕೊಂಡರೆ ಕ್ಯಾಸೆಟ್ಟಿಗೆ ಈ ತಾಪತ್ರಯ ಬರುವುದಿಲ್ಲ.

ಮಟ್ಟ ಗರಿಷ್ಠ ಮೈನಸ್ 10 ಡೆಸಿಬೆಲ್ ಸುತ್ತ ಇರಲಿ. ಮೊದಲ ಐದು ನಿಮಿಷ ಕೇಳಿ ಮಟ್ಟ ಕಟ್ಟಬೇಡಿ. ನಲವತ್ತು ನಿಮಿಷ ಪಿಸುಗುಟ್ಟಿದ ಸ್ಯಾಕ್ಸ್ ನಲವತ್ತೊಂದನೆಯದರಲ್ಲಿ ಮೈಕಿಗೆ ಬಾಯಿಯಿಟ್ಟು ಊದುವ ಸಂಗೀತ ಇದು. 24 ಬಿಟ್‌ನಲ್ಲಿ ಜಾಗ ಧಾರಾಳವಾಗಿದೆ, ಮೆಲ್ಲಗೆ ಬಂದರೆ ನಷ್ಟವಿಲ್ಲ, ಒಡೆದರೆ ಮಾತ್ರ ನಷ್ಟ.

ಮೂಲದಲ್ಲೇ ಒಡೆದಿದ್ದರೆ ಅಥವಾ ಆಗಿನ ರೆಕಾರ್ಡರಿನ ಲಿಮಿಟರ್ (ಜೋರಾದ ಸದ್ದನ್ನು ತಾನೇ ತಗ್ಗಿಸುವ ಭಾಗ) ಸದ್ದನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ದರೆ ಅದನ್ನು ಸರಿಪಡಿಸಲು ಹೋಗಬೇಡಿ. ಡ್ರಮ್ಸಿನ ಏಟಿಗೆ ಹಿಂದಿನ ಸದ್ದೆಲ್ಲ ಕುಗ್ಗಿ ಅರ್ಧ ಸೆಕೆಂಡಿನಲ್ಲಿ ಮೇಲೇಳುವುದು ಕೇಳಿದರೆ ಲಿಮಿಟರ್ ಎಂದು ಟಿಪ್ಪಣಿಯಲ್ಲಿ ಬರೆದಿಡಿ, ಅಷ್ಟೇ.

ಟೇಪು ಶುರು ಮಾಡುವ ಮುನ್ನ ಡೆಕ್ ಜೋಡಿಸಿಯೇ ಇಟ್ಟು, ಟೇಪು ಓಡಿಸದೆ ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ. ನಿಮ್ಮ ಉಪಕರಣದ ಸ್ವಂತ ಹಮ್ ಎಷ್ಟು ಎಂಬುದರ ದಾಖಲೆ ಇದು. ಮುಂದಿನ ಇಡೀ ಕೆಲಸ ಇದರ ಮೇಲೆ ನಿಂತಿದೆ.

ಹಮ್ ಓದುವುದು

ಜಪಾನಿನಲ್ಲಿ ವಿದ್ಯುತ್ ಎರಡು ಬಗೆ. ಪೂರ್ವದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಜನರೇಟರ್ ತರಿಸಿದ್ದರ ಫಲ ಇವತ್ತಿಗೂ ಹಾಗೇ ಉಳಿದಿದೆ. ಗಡಿ ಶಿಜುಓಕಾದ ಫುಜಿ ನದಿಯಿಂದ ನೀಗಾತಾದ ಇತೊಇಗಾವಾ ಕಡೆಗೆ ಹಾಯುತ್ತದೆ. ಟೋಕಿಯೊ, ಯೋಕೊಹಾಮಾ, ಸೆಂದೈ, ಸಪ್ಪೊರೊ 50ರ ಕಡೆ. ನಾಗೋಯಾ, ಕ್ಯೋಟೊ, ಒಸಾಕಾ, ಹಿರೋಶಿಮಾ, ಫುಕುಓಕಾ 60ರ ಕಡೆ. ಗಿಟಾರ್ ಆಂಪ್ಲಿಫಯರ್, ಧ್ವನಿವರ್ಧಕ, ಟ್ಯೂಬ್‌ಲೈಟು, ಫ್ರಿಜ್ಜು ಎಲ್ಲವೂ ಆ ಲೆಕ್ಕದಲ್ಲೇ ಗುಯ್‌ಗುಟ್ಟುತ್ತವೆ, ಅದು ಟೇಪಿನಲ್ಲಿ ಕೂತಿರುತ್ತದೆ. ಈ ಒಂದು ಸಂಗತಿಯಿಂದ ಟೇಪು ಎಷ್ಟು ವೇಗವಾಗಿ ಓಡುತ್ತಿದೆ ಎಂದೂ, ದೇಶದ ಯಾವ ಅರ್ಧದಲ್ಲಿ ರೆಕಾರ್ಡ್ ಆಯಿತು ಎಂದೂ ಅಳೆದು ಹೇಳಬಹುದು.

ಮಾಡುವುದು ಹೀಗೆ. ಮೂಲ ಫೈಲನ್ನು ಮುಟ್ಟದೆ ಒಂದು ಪ್ರತಿ ಮಾಡಿ, ಅದನ್ನು 2000 ಹರ್ಟ್ಜ್ ಸ್ಯಾಂಪಲ್ ದರಕ್ಕೆ ಇಳಿಸಿ. ಯಾರೂ ನುಡಿಸದ ಹತ್ತಿಪ್ಪತ್ತು ಸೆಕೆಂಡಿನ ಜಾಗ ಹುಡುಕಿ: ಶುರುವಿನ ಮುಂಚಿನ ಮೌನ, ಶ್ರುತಿ ಸೇರಿಸಿಕೊಳ್ಳುವ ಹೊತ್ತು, ಚಪ್ಪಾಳೆಯ ನಂತರದ ಗ್ಯಾಪು. ಅದರ ಸ್ಪೆಕ್ಟ್ರಮ್ಮನ್ನು, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆಯನ್ನು, 16384 ಬಿಂದುಗಳಲ್ಲಿ ತೆಗೆಯಿರಿ. ಆಗ ಒಂದೊಂದು ಬಿಂದುವಿಗೆ 0.12 ಹರ್ಟ್ಜ್ ನಿಖರತೆ ಸಿಗುತ್ತದೆ. 96 ಕಿಲೋಹರ್ಟ್ಜ್‌ನಲ್ಲೇ ಬಿಟ್ಟು 65536 ಬಿಂದು ಹಾಕಿದರೂ 1.46 ಹರ್ಟ್ಜ್ ಮಾತ್ರ, ಅದು ಈ ಕೆಲಸಕ್ಕೆ ಒರಟು. ಶಿಖರಗಳನ್ನು 50, 100, 150 ಸಾಲಿನಲ್ಲೋ 60, 120, 180 ಸಾಲಿನಲ್ಲೋ ಹುಡುಕಿ. ಸಾಮಾನ್ಯವಾಗಿ 100 ಅಥವಾ 120 ಎದ್ದು ಕಾಣುತ್ತದೆ. ಮೇಲಿನ ಶಿಖರ ಸಿಕ್ಕಷ್ಟೂ ಲೆಕ್ಕ ನಿಖರ.

300 ಹರ್ಟ್ಜ್ ಇರಬೇಕಾದಲ್ಲಿ 308.4 ಕಂಡಿತು ಎನ್ನೋಣ. ಭಾಗಿಸಿದರೆ 1.028, ಟೇಪು ನೂರಕ್ಕೆ 2.8 ವೇಗ. ಶ್ರುತಿಯಲ್ಲಿ ಇದು ಸುಮಾರು ಅರ್ಧ ಸೆಮಿಟೋನ್. ಫೈಲಿನ ವೇಗವನ್ನು 0.9728ಕ್ಕೆ ಇಳಿಸಿ. 45 ನಿಮಿಷದ ಮುಖ 46 ನಿಮಿಷ 16 ಸೆಕೆಂಡ್ ಆಗುತ್ತದೆ. ಶ್ರುತಿ, ಅವಧಿ ಎರಡೂ ಜೊತೆಗೆ ಬದಲಾಗುವ 'ಸ್ಪೀಡ್' ಆಯ್ಕೆಯನ್ನೇ ಬಳಸಿ. ಅವಧಿ ಮಾತ್ರ ಬದಲಿಸುವ 'ಟೆಂಪೊ', ಶ್ರುತಿ ಮಾತ್ರ ಬದಲಿಸುವ 'ಪಿಚ್' ಎರಡೂ ಸದ್ದನ್ನು ಚೂರು ಮಾಡಿ ಮತ್ತೆ ಅಂಟಿಸುತ್ತವೆ, ಡ್ರಮ್ಸಿನ ಏಟು ಕಲಸಿಹೋಗುತ್ತದೆ.

2.8 ಶೇಕಡಾ ಅಲ್ಪ ಎನಿಸಬಹುದು. ಅಬೆಯ ಆಲ್ಟೊ ಅಷ್ಟು ವೇಗವಾದರೆ ನಾದದ ಮೈ ಬಡಕಲಾಗುತ್ತದೆ, ತಳಸ್ವರಗಳ ಒರಟು ಒರಟಾಗಿ ಉಳಿಯುವುದಿಲ್ಲ, ಮೊದಲೇ ಉಸಿರುಗಟ್ಟಿಸುವ ವೇಗ ಕೃತಕವಾಗಿ ಕೇಳುತ್ತದೆ. ಅವರು ನಿಜಕ್ಕೂ ಎಷ್ಟು ವೇಗವಾಗಿ ನುಡಿಸುತ್ತಿದ್ದರು ಎಂಬುದು ಟೇಪು ಸರಿಯಾದ ವೇಗದಲ್ಲಿದ್ದಾಗ ಮಾತ್ರ ಗೊತ್ತಾಗುವಂಥದ್ದು.

ಒಂದೇ ಕಡೆ ಅಳೆದು ಬಿಡಬೇಡಿ. ಶುರು, ಮಧ್ಯ, ಕೊನೆ ಮೂರೂ ಕಡೆ ಅಳೆಯಿರಿ. ಬ್ಯಾಟರಿಯಲ್ಲಿ ಓಡಿದ ರೆಕಾರ್ಡರಿನ ಬ್ಯಾಟರಿ ಇಳಿಯುತ್ತ ಹೋದರೆ ಮೋಟಾರು ನಿಧಾನವಾಗುತ್ತದೆ, ಹಾಗೆ ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಸದ್ದು ಮೇಲೇರುತ್ತದೆ. ಶುರುವಿನಲ್ಲಿ 100.6, ಮಧ್ಯದಲ್ಲಿ 102, ಕೊನೆಗೆ 104.8 ಎಂದು ಕಂಡರೆ ಕಾರಣ ಇದೇ. ಇಡೀ ಫೈಲಿಗೆ ಒಂದೇ ಗುಣಕ ಹಾಕದೆ ವೇಗವನ್ನು ಗೆರೆಯಾಗಿ ಬಾಗಿಸುವ ಸೌಲಭ್ಯ ಬಳಸಿ. ಆಡಾಸಿಟಿಯಲ್ಲಿ ಇದಕ್ಕೆ ಟೈಮ್ ಟ್ರ್ಯಾಕ್ ಇದೆ.

ಎಡವುವ ಜಾಗಗಳು ಕೆಲವು. ಮೊದಲನೆಯದು ನಿಮ್ಮದೇ ಹಮ್. ಟೇಪು ಓಡದಿರುವಾಗ ಹಿಡಿದಿಟ್ಟ ಮೂವತ್ತು ಸೆಕೆಂಡಿನಲ್ಲೂ ಅದೇ ಶಿಖರ ಅದೇ ಎತ್ತರದಲ್ಲಿದ್ದರೆ ಅದು ಟೇಪಿನದಲ್ಲ. ಟೇಪಿನೊಳಗಿನ ಹಮ್ ಸಣ್ಣಗೆ ಅಲುಗುತ್ತದೆ, ನಿಮ್ಮದು ಕದಲದೆ ನಿಲ್ಲುತ್ತದೆ. ಎರಡನೆಯದು ಪ್ರತಿಯ ಪ್ರತಿ. ಕ್ಯೋಟೊದಲ್ಲಿ ಹಿಡಿದ ಟೇಪನ್ನು ಟೋಕಿಯೊದಲ್ಲಿ ಡಬ್ ಮಾಡಿದ್ದರೆ (ಇನ್ನೊಂದು ಟೇಪಿಗೆ ನಕಲಿಸಿದ್ದರೆ) 60ರ ಸಾಲೂ 50ರ ಸಾಲೂ ಎರಡೂ ಇರುತ್ತವೆ. ಚಪ್ಪಾಳೆಯ ನಂತರ ಮೂಲ ರೆಕಾರ್ಡಿಂಗ್ ಕಡಿದು ಖಾಲಿ ಟೇಪು ಓಡುವಾಗ ಯಾವುದು ಉಳಿಯುತ್ತದೋ ಅದು ಡಬ್ ಮಾಡಿದ ಕಡೆಯದು. ಹೀಗೆ ಎರಡು ಸಾಲು ಸಿಗುವುದು ಒಳ್ಳೆಯದೇ, ಎಷ್ಟನೇ ಪ್ರತಿ ಎಂದು ಅಂದಾಜು ಸಿಗುತ್ತದೆ. ಮೂರನೆಯದು ಬಯಲಿನ ಕಾರ್ಯಕ್ರಮ. ಅಲ್ಲಿ ಜನರೇಟರಿನಿಂದ ವಿದ್ಯುತ್ ಬಂದಿದ್ದರೆ ಅದರ ವೇಗವೇ ಏರಿಳಿಯುತ್ತದೆ, ಆ ಹಮ್‌ನಿಂದ ಟೇಪು ಅಳೆಯಲಾಗದು.

ನಡುವಿನ ಅಂಕಿ ಬಂದಾಗ, ಉದಾಹರಣೆಗೆ 58, ಅದು 60ಕ್ಕಿಂತ ನೂರಕ್ಕೆ ಮೂರು ಚಿಲ್ಲರೆ ಕಡಿಮೆ, 50ಕ್ಕಿಂತ ಹದಿನಾರು ಹೆಚ್ಚು. ಹದಿನಾರು ಹೆಚ್ಚಾದರೆ ಮಾತು, ಚಪ್ಪಾಳೆ ಎಲ್ಲ ಕಾರ್ಟೂನಿನಂತೆ ಕೇಳಬೇಕು. ಕೇಳದಿದ್ದರೆ ಪಶ್ಚಿಮ ಜಪಾನು.

ಹಮ್ಮೇ ಇಲ್ಲದಿದ್ದರೆ ವಾದ್ಯಗಳ ಮೊರೆ ಹೋಗಬೇಕು. ಪಿಯಾನೊ ಇದ್ದರೆ ಸುಲಭ; ನಡುವಿನ ಎ ಸ್ವರ 440ರಿಂದ 442 ಹರ್ಟ್ಜ್ ಒಳಗೆ ಬರುವಂತೆ ಮಾಡಿ. ಆಲ್ಟೊ ಒಂದೇ ಇದ್ದರೆ ಅದರ ಅತಿ ಕೆಳಗಿನ ಸ್ವರ ಡಿ ಫ್ಲ್ಯಾಟ್, 138.6 ಹರ್ಟ್ಜ್, ಟೆನರಿಗೆ ಎ ಫ್ಲ್ಯಾಟ್, 103.8. ವಾದಕ ತುಟಿ ಸಡಿಲಿಸಿ ಸ್ವಲ್ಪ ಕೆಳಕ್ಕೆ ಜಾರಿಸಬಲ್ಲನಾದ್ದರಿಂದ ಒಂದು ಸ್ವರ ನೋಡಿ ತೀರ್ಮಾನಿಸದೆ, ಬೇರೆ ಬೇರೆ ಕಡೆ ತಳಸ್ವರ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ನೋಡಿ. ಅಬೆ ಸೊಪ್ರನಿನೊ, ಬಾಸ್ ಕ್ಲ್ಯಾರಿನೆಟ್, ಹಾರ್ಮೋನಿಕಾಗಳನ್ನೂ ನುಡಿಸುತ್ತಿದ್ದರು. ಯಾವ ವಾದ್ಯ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಏನನ್ನು ತೆಗೆಯಬಾರದು

ನಾಯ್ಸ್ ರಿಡಕ್ಷನ್ ಸಾಫ್ಟ್‌ವೇರಿಗೆ ರಾಗ ಗೊತ್ತು, ತಾಳ ಗೊತ್ತು, ಮಾತು ಗೊತ್ತು. ರೀಡಿನ ಕಿರುಚು, ಕೊಳವೆಯೊಳಗಿನ ಬರಿಯ ಉಸಿರು, ಗಿಟಾರಿನ ಫೀಡ್‌ಬ್ಯಾಕು, ಸಿಂಬಲ್ಲನ್ನು ಬಿಲ್ಲಿನಿಂದ ಉಜ್ಜಿದ ಸದ್ದು ಅದಕ್ಕೆ ನಾಯ್ಸ್. ತಕಾಯಾನಗಿಯ ಮಾಸ್ ಪ್ರೊಜೆಕ್ಷನ್ ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳನ್ನೂ ತುಂಬಿಕೊಂಡಿರುವುದರಿಂದ ಸ್ಪೆಕ್ಟ್ರಮ್ಮಿನಲ್ಲಿ ಹಿಸ್ಸಿಗೂ ಅದಕ್ಕೂ ಗಡಿಯೇ ಕಾಣುವುದಿಲ್ಲ. ಅಲ್ಲಿ ಮೂರು ಡೆಸಿಬೆಲ್ ಹಿಸ್ ತೆಗೆದರೂ ನೀರಿನೊಳಗಿಂದ ಕೇಳಿದಂತಾಗುತ್ತದೆ.

ಮೆಲ್ಲನೆಯ ಸಂಗೀತದಲ್ಲಿ ಅಪಾಯ ಇನ್ನೂ ಹೆಚ್ಚು. ಆಫ್ ಸೈಟ್‌ನ ಗೋಡೆ ತೆಳು, ನೆರೆಹೊರೆ ಹತ್ತಿರ, ಹಾಗಾಗಿ ಅಲ್ಲಿ ಎಲ್ಲರೂ ಬಹಳ ಸಣ್ಣ ಸದ್ದಿನಲ್ಲಿ ನುಡಿಸಿದರು. ಬೀದಿಯ ಸದ್ದೂ ಅದರ ಜೊತೆಗೇ ಕೇಳುತ್ತದೆ. ನಾಕಾಮುರಾ ತೊಶಿಮಾರು ನುಡಿಸುವುದು ಯಾವ ಇನ್‌ಪುಟ್ಟೂ ಇಲ್ಲದ ಮಿಕ್ಸರನ್ನು, ಅಂದರೆ ಯಂತ್ರದ ಹಿಸ್, ಹಮ್, ಶಿಳ್ಳೆಗಳೇ ಅಲ್ಲಿ ಸ್ವರ. ಸಾಚಿಕೊ ಎಂ ಅವರದು ಸ್ಯಾಂಪಲ್ಲೇ ಇಲ್ಲದ ಸ್ಯಾಂಪ್ಲರಿನ ಸೈನ್ ತರಂಗ. ಹಮ್ ತೆಗೆಯುವ ಫಿಲ್ಟರು ಇವರ ಸಂಗೀತದ ಬುಡಕ್ಕೇ ಕೊಡಲಿ ಹಾಕುತ್ತದೆ. ಎತ್ತರದ ಸೈನ್ ತರಂಗ ಇರುವ ಟೇಪನ್ನು ಕಡಿಮೆ ದರದ ಎಂಪಿ3 ಮಾಡಿದರೆ 16 ಕಿಲೋಹರ್ಟ್ಜ್ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ, ಕೇಳುವವರಿಗೆ ಕಾಣೆಯಾದದ್ದು ತಿಳಿಯುವುದೂ ಇಲ್ಲ. ಗಿಟಾರ್ ವಾದಕ ಸುಗಿಮೊತೊ ತಾಕು ಅವರಂಥವರ ಕಾರ್ಯಕ್ರಮದಲ್ಲಿ ಮೌನವೇ ನಿಮಿಷಗಟ್ಟಲೆ ಬರಬಹುದು. ಮೌನ ಕಂಡಲ್ಲಿ ತಾನೇ ಟ್ರ್ಯಾಕು ಕತ್ತರಿಸುವ ಸೌಲಭ್ಯವನ್ನು ಬಂದ್ ಮಾಡಿಡಿ. ರೀಲ್ ಟೇಪಿನಲ್ಲಾದರೆ ಇಂಥ ಮೌನದಲ್ಲಿ ಮುಂದಿನ ಸ್ವರದ ಸಣ್ಣ ಮುಂಗೂಗು ಕೇಳಬಹುದು, ಅದು ಪಕ್ಕದ ಸುತ್ತಿನಿಂದ ಇಳಿದ ಅಚ್ಚು, ವಾದಕರದಲ್ಲ.

ಮಾಡಬಹುದಾದದ್ದು ಇಷ್ಟು: ವೇಗ, ಡಾಲ್ಬಿ ಇದ್ದರೆ ಬಿಡಿಸುವುದು, ಸ್ವಿಚ್ಚಿನ 'ಟಕ್' ಥರದ ಒಂಟಿ ಸದ್ದುಗಳನ್ನು ಕೈಯಿಂದ ಒಂದೊಂದಾಗಿ ತೆಗೆಯುವುದು, ಇಡೀ ಫೈಲಿನ ಮಟ್ಟವನ್ನು ಒಂದೇ ಪ್ರಮಾಣದಲ್ಲಿ ಏರಿಸುವುದು. ಟೇಪು ತಿರುಗಿಸುವಾಗ ಕಳೆದುಹೋದ ಭಾಗವನ್ನು ಕ್ರಾಸ್‌ಫೇಡಿನಲ್ಲಿ ಮುಚ್ಚಬೇಡಿ. ಅಲ್ಲಿ ಕಡಿದಿದೆ ಎಂದು ಕೇಳುವವರಿಗೆ ಗೊತ್ತಾಗಲಿ.

ಡ್ಯಾಟ್, ಮಿನಿಡಿಸ್ಕ್

ತೊಂಬತ್ತರ ದಶಕದ ಟೇಪುಗಳು ಡ್ಯಾಟ್ (ಡಿಜಿಟಲ್ ಆಡಿಯೊ ಟೇಪ್) ಆಗಿರುವುದು ಹೆಚ್ಚು. ಅನಲಾಗ್ ತಂತಿ ಬೇಡ, ಡಿಜಿಟಲ್ ಔಟ್‌ಪುಟ್‌ನಿಂದ ಟೇಪಿನಲ್ಲಿರುವ ದರದಲ್ಲೇ, 48 ಅಥವಾ 44.1 ಅಥವಾ ಲಾಂಗ್ ಪ್ಲೇ ಆದರೆ 32 ಕಿಲೋಹರ್ಟ್ಜ್, ಹಾಗೇ ಹಿಡಿಯಿರಿ. ದರ ತಪ್ಪಿದರೆ ಕ್ಲಿಕ್ಕುಗಳು ಬರುತ್ತವೆ. ಡ್ಯಾಟ್‌ನಲ್ಲಿ ದೋಷ ಬಂದಾಗ ಸದ್ದು ಕಡಿದು ಮೌನವಾಗುತ್ತದೆ. ಎರಡು ಸಲ ಇಳಿಸಿ ಹೋಲಿಸಿದರೆ ನಿಜವಾದ ಮೌನ ಯಾವುದು, ಯಂತ್ರದ್ದು ಯಾವುದು ತಿಳಿಯುತ್ತದೆ. ಡ್ಯಾಟ್ ಯಂತ್ರಗಳು ಒಂದೊಂದಾಗಿ ಕೆಟ್ಟುನಿಲ್ಲುತ್ತಿವೆ, ಬಿಡಿಭಾಗವಿಲ್ಲ. ಕೈಯಲ್ಲಿ ಕ್ಯಾಸೆಟ್ಟೂ ಡ್ಯಾಟೂ ಎರಡೂ ಇದ್ದರೆ ಡ್ಯಾಟ್ ಮೊದಲು ಮುಗಿಸಿ. ಮಿನಿಡಿಸ್ಕಿನದು ಮೊದಲೇ ಸಂಕುಚಿತ ಸದ್ದು. ಆಪ್ಟಿಕಲ್ ಔಟ್‌ಪುಟ್‌ನಿಂದ 16 ಬಿಟ್ 44.1ರಲ್ಲಿ ಹಿಡಿದರೆ ಸಾಕು.

ಟಿಪ್ಪಣಿ, ಹಕ್ಕು, ಶೇಖರಣೆ

ಮುಟ್ಟದ ಮೂಲ ಫೈಲ್ ಒಂದು, ವೇಗ ಸರಿಪಡಿಸಿದ್ದು ಒಂದು, ಎರಡನ್ನೂ ಸದ್ದು ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ನಲ್ಲಿ ಇಡಿ. ಫೈಲಿನ ಹೆಸರು ದಿನಾಂಕದಿಂದ ಶುರುವಾಗಲಿ: 1975-09-05, ಆಮೇಲೆ ತಂಡ, ಜಾಗ, ಟೇಪಿನ ಮುಖ. ಜೊತೆಗೊಂದು ಟಿಪ್ಪಣಿ ಫೈಲ್. ಅದರಲ್ಲಿ ಲೇಬಲ್ಲಿನ ಮೇಲೆ ಇದ್ದದ್ದು, ಕೇಳಿ ಅಥವಾ ಅಳೆದು ಊಹಿಸಿದ್ದು ಬೇರೆ ಬೇರೆಯಾಗಿರಲಿ. ಇವೆರಡನ್ನು ಬೆರೆಸಿಬಿಟ್ಟರೆ ಮುಂದಿನವರು ನಿಮ್ಮ ಊಹೆಯನ್ನೇ ಇತಿಹಾಸ ಎಂದು ಬರೆದುಕೊಳ್ಳುತ್ತಾರೆ. ಹಮ್ ಎಷ್ಟು ಕಂಡಿತು, ಎಲ್ಲಿ ಕಂಡಿತು, ಯಾವ ಗುಣಕ ಹಾಕಿದಿರಿ, ಡೆಕ್ ಯಾವುದು, ಡಾಲ್ಬಿ ಒತ್ತಿದಿರೋ ಇಲ್ಲವೋ ಎಲ್ಲ ಬರೆಯಿರಿ.

ಟೇಪು ನಿಮ್ಮ ಕೈಯಲ್ಲಿದ್ದರೂ ಸಂಗೀತ ನಿಮ್ಮದಲ್ಲ. ಜಪಾನಿನ ಕಾನೂನಿನಲ್ಲಿ ವಾದಕರ ಹಕ್ಕು ಕಾರ್ಯಕ್ರಮ ನಡೆದು 70 ವರ್ಷದವರೆಗೆ ಇರುತ್ತದೆ. 1970ರಲ್ಲಿ ನುಡಿಸಿದ್ದಕ್ಕೆ 2040ರ ಕೊನೆಯವರೆಗೆ. ವಾದಕರು, ಅವರು ಇಲ್ಲದಿದ್ದರೆ ಅವರ ಮನೆಯವರು ಒಪ್ಪದೆ ಯಾವುದನ್ನೂ ಸಾರ್ವಜನಿಕವಾಗಿ ಹಾಕಬೇಡಿ. ಈ ಸಂಗೀತವನ್ನು ಹೊರತರುತ್ತಿರುವ ಲೇಬಲ್ಲುಗಳು ಇವತ್ತೂ ಇವೆ: ಪಿಎಸ್‌ಎಫ್ ಎಂಬ ಜಪಾನಿ ಲೇಬಲ್ಲಿನ ಭಂಡಾರವನ್ನು ನೋಡಿಕೊಳ್ಳುವ ಬ್ಲ್ಯಾಕ್ ಎಡಿಷನ್ಸ್, ನ್ಯೂಯಾರ್ಕಿನ ಬ್ಲ್ಯಾಂಕ್ ಫಾರ್ಮ್ಸ್, ಲಿಥುವೇನಿಯಾದ ನೋ ಬಿಸಿನೆಸ್. ಟೇಪು ಅಪ್ರಕಟಿತ ಎಂದು ಖಾತ್ರಿಯಾದರೆ ಹತ್ತು ನಿಮಿಷದ ಮಾದರಿ, ಟಿಪ್ಪಣಿ ಫೈಲು, ಲೇಬಲ್ಲಿನ ಫೋಟೊ ಇವಿಷ್ಟನ್ನು ಕಳಿಸಿ ಬರೆಯಿರಿ. ಅಂಥ ಪತ್ರದಲ್ಲಿ ನಿಮ್ಮ ಹೊಗಳಿಕೆಗಿಂತ ಅಳತೆಗಳೇ ಹೆಚ್ಚು ಕೆಲಸ ಮಾಡುತ್ತವೆ.

ಕೆಲಸ ಮುಗಿಯಿತೆಂದು ಟೇಪು ಎಸೆಯಬೇಡಿ. ನಾಳೆ ಇನ್ನೂ ಒಳ್ಳೆಯ ಡೆಕ್ಕಿನಲ್ಲಿ ಮತ್ತೆ ಇಳಿಸಬೇಕಾಗಬಹುದು. 18 ಡಿಗ್ರಿ ಆಸುಪಾಸು, ತೇವಾಂಶ 40 ಶೇಕಡಾ, ಸ್ಪೀಕರ್ ಮತ್ತು ಮೋಟಾರುಗಳಿಂದ ದೂರ, ನೆಟ್ಟಗೆ ನಿಲ್ಲಿಸಿ ಇಡಿ. ರೀಲನ್ನು ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತದೆ ಹಾಗೇ ಬಿಡಿ. ಆಗ ಪಕ್ಕದ ಸುತ್ತಿನ ಅಚ್ಚು ಸ್ವರದ ಮುಂದೆ ಬೀಳುವ ಬದಲು ಹೆಚ್ಚಾಗಿ ಸ್ವರದ ಹಿಂದೆ ಬಿದ್ದು ಅದರ ಮರೆಯಲ್ಲೇ ಉಳಿಯುತ್ತದೆ.